ಮಷಿನ್ ಬಂತು, ಮಷಿನ್ ನಡಸೋ ಡಾಕ್ಟ್ರು ಬರ್ಲಿಲ್ಲ: ಕಪ್ಪತಗುಡ್ಡದ ಕಡಿ ಒಂದು ಹೆರಿಗಿ, ಕಂಪನಿ ತೆರಿಗಿ ಮತ್ತ ತಾಲೂಕು ದವಾಖಾನಿ

ಗದಗ ಜಿಲ್ಲಾದಾಗ ಕಪ್ಪತಗುಡ್ಡದ ಆಸುಪಾಸು ಇರೋ ಒಂದು ತಾಲೂಕು ದವಾಖಾನಿಯೊಳಗ ಬುಧವಾರ ರಾತ್ರಿ ನಡದ ಸಂಗತಿ ಇದು. ಊರಿನ ಹೆಸರು, ಮಂದಿ ಹೆಸರು ಹಾಕಂಗಿಲ್ಲ, ಹೆರಿಗಿ ವಿಷಯ ಐತಿ, ಆ ಮನಿಯವರ ಖಾಸಗಿ ಮಾತು. ಅವ್ರನ್ನ ಕೇಳಿ, ಅವ್ರು ಹೂಂ ಅಂದ ಮ್ಯಾಲ ಬರ್ಯಾಕತ್ತೀನಿ. ತಾಯಿ ಕಾರ್ಡು, ರೆಫರಲ್ ಚೀಟಿ, ಗಂಡ ಖರ್ಚು ಬರದಿಟ್ಟ ಸಣ್ಣ ಡೈರಿ ಮೂರೂ ಕೈಯಾಗ ಹಿಡದು ನೋಡೀನಿ. ನಾ ಹೊಟ್ಟಿಪಾಡಿಗೆ ಹುಬ್ಬಳ್ಳ್ಯಾಗ ಒಂದು ಆಡಿಟ್ ಆಫೀಸಿನ್ಯಾಗ ಕಂಪನಿಗಳ ಟ್ಯಾಕ್ಸ್ ರಿಟರ್ನ್ ಕೆಲಸ ಮಾಡ್ತೀನಿ, ಊರಿನ ಈ ದವಾಖಾನಿಯ ಖರ್ಚು-ವೆಚ್ಚ ನೋಡೋ ಆರೋಗ್ಯ ರಕ್ಷಾ ಸಮಿತಿಯೊಳಗ ನಾನೂ ಒಬ್ಬ ಮೆಂಬರ್. ಹಂಗಾಗಿ ಕಂಪನಿ ತೆರಿಗಿ ಫೈಲೂ ನೋಡ್ತೀನಿ, ಹೆರಿಗಿ ವಾರ್ಡಿನ ಬಿಲ್ಲೂ ನೋಡ್ತೀನಿ, ಎರಡೂ ಒಂದ ದಾರಿಗೆ ಬಂದು ಕೂಡೋದನ್ನ ನೋಡಿ ಸುಮ್ಮನ ಇರಾಕ ಆಗವಲ್ದು.

ಆಕಿಗೆ ಇದು ಎರಡನೇ ಹೆರಿಗಿ. ಮೊದಲನೇದು ಹೆಣ್ಣು, ಸಿಸೇರಿಯನ್ ಆಗಿತ್ತು. ಈ ಸಲ ರಕ್ತ ಕಡಿಮಿ, ಏಳನೇ ತಿಂಗಳದಾಗ ಹಿಮೋಗ್ಲೋಬಿನ್ 8.4 ಇತ್ತು. ಕಬ್ಬಿಣದ ಗುಳಿಗಿ ನುಂಗಿದ್ರ ವಾಂತಿ ಬರ್ತೈತಿ ಅಂತ ಬಿಟ್ಟಿದ್ಳು, ಆಶಾ ಅಕ್ಕ ಬೆನ್ನು ಹತ್ತಿ ಕರ್ಕೊಂಡು ಬಂದು ಸಲೈನ್‌ದಾಗ ಐರನ್ ಸುಕ್ರೋಸ್ ಹಾಕಿಸಿದ್ಳು. ತಾಯಿ ಕಾರ್ಡಿನ ಮುಂದಿನ ಪುಟದ ಮ್ಯಾಲ ಕೆಂಪು ಪೆನ್ನಿಲೆ ‘ಹಿಂದಿನ ಹೆರಿಗೆ ಸಿಸೇರಿಯನ್’ ಅಂತ ಬರದು ಅದರ ಕೆಳಗ ಎರಡು ಗೆರಿ ಎಳದಾರ, ಪ್ರತಿ ತಿಂಗಳು 9ನೇ ತಾರೀಖಿನ ತಪಾಸಣಿ ಸಹಿ ಬಿದ್ದೈತಿ. ಅಂದ್ರ ಬಸರಿ ಹೆಣ್ಣುಮಗಳನ್ನ ಯಾರೂ ಕೈಬಿಟ್ಟಿರ್ಲಿಲ್ಲ. ಆಶಾ, ಸಿಸ್ಟರ್, ಹೆರಿಗಿ ಡಾಕ್ಟ್ರ ಮೇಡಂ ಎಲ್ಲಾರೂ ತಮ್ಮ ಕೆಲಸ ಸರಿಯಾಗೇ ಮಾಡಿದ್ರು. ಹಳೇ ಹೊಲಿಗಿ ಐತಿ, ಬ್ಯಾನಿ ಚಾಲೂ ಆಗೂಕ್ಕಿಂತ ಮೊದಲ ಆಪರೇಷನ್ ಮಾಡೋಣು ಅಂತ ಮೇಡಂ ಶುಕ್ರವಾರ ದಿನ ಕೊಟ್ಟಿದ್ರು. ಶುಕ್ರವಾರ ಯಾಕಂದ್ರ ಈ ದವಾಖಾನಿಗೆ ಅರಿವಳಿಕೆ ಡಾಕ್ಟ್ರು (ಆಪರೇಷನ್ ನೋವು ಗೊತ್ತಾಗದಂಗ ಇಂಜೆಕ್ಷನ್ ಕೊಡೋರು) ಮಂಗಳವಾರ ಮತ್ತ ಶುಕ್ರವಾರ ಅಷ್ಟ ಬರ್ತಾರ, ಗದಗದಿಂದ, ಕೇಸಿಗೆ ಇಷ್ಟು ಅಂತ ರೊಕ್ಕದ ಮ್ಯಾಲ. ಮಂಜೂರಾದ ಕಾಯಂ ಹುದ್ದಿ ಐತಿ, ಖಾಲಿ ಐತಿ.

ಬ್ಯಾನಿ ಬುಧವಾರ ರಾತ್ರಿ ಊಟ ಆಗಿ ಪಾತ್ರಿ ತಿಕ್ಕೂವಾಗ ಬಂತು.

108 ಲಗೂನ ಬಂತು, ಅದನ್ನ ಹೇಳಬೇಕು. ದವಾಖಾನಿಗೆ ಬಂದಾಗ ಒಂಬತ್ತೂವರಿ. ಸಿಸ್ಟರ್ ಕೂಸಿನ ಹಾರ್ಟ್ ಬೀಟ್ ಕೇಳಿದ್ರು, ಬ್ಯಾನಿ ಬಂದಾಗೊಮ್ಮೆ 100ಕ್ಕ ಇಳದು ಮತ್ತ ನಿಧಾನಕ ಏರಾಕತ್ತಿತ್ತು. ಹಳೇ ಹೊಲಿಗಿ ಜಾಗಾದಾಗ ಕೈ ಇಟ್ರ ಆಕಿ ಚೀರ್ತಿದ್ಳು. ಇಂಥಾ ವ್ಯಾಳ್ಯಾದಾಗ ಅರ್ಧ ತಾಸಿನ್ಯಾಗ ಕೂಸು ಹೊರಗ ತಗೀಬೇಕು ಅಂತ ಹೆರಿಗಿ ವೈದ್ಯಕೀಯದ ಲೆಕ್ಕ. ಮೇಡಂ ಕ್ವಾರ್ಟರ್ಸ್‌ನಿಂದ ಐದು ನಿಮಿಷಕ್ಕ ಓಡಿ ಬಂದ್ರು. ಆಪರೇಷನ್ ಥಿಯೇಟರ್ ಕೀಲಿ ತಗಸಿದ್ರು, ದೀಪ ಹಚ್ಚಿಸಿದ್ರು, ಗದಗದ ಡಾಕ್ಟ್ರಿಗೆ ಫೋನ್ ಹಚ್ಚಿದ್ರು. ಅವ್ರು ಬ್ಯಾರೆ ಕಡಿ ಕೇಸಿನೊಳಗ ಇದ್ರು, ಮುಗಿಸಿ ಬರೂದಂದ್ರ ಎರಡು ತಾಸು. ಮೇಡಂ ಆಮ್ಯಾಲ ಸಮಿತಿ ಮುಂದ ಹೇಳಿದ ಮಾತು ನಾ ಮರಿಯಾಂಗಿಲ್ಲ: “ಆಪರೇಷನ್ ಮಾಡೋದು ನನಗ ಬರ್ತೈತ್ರಿ, ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಬಿ.ಪಿ., ಉಸಿರು ನೋಡ್ಕೊಂತ ತಲಿ ಕಡಿ ಕುಂದ್ರೋರು ಬೇಕಲ್ರಿ. ಎರಡೂ ನಾನ ಹೆಂಗ ಮಾಡ್ಲಿ?”

ರೆಫರ್ ಮಾಡಿದ್ರು. ಗದಗದ ಸರ್ಕಾರಿ ಮೆಡಿಕಲ್ ಕಾಲೇಜು ದವಾಖಾನಿ ಜಿಮ್ಸ್‌ಗೆ ಫೋನ್ ಮಾಡಿ ಹೇಳಿ, ಸಲೈನ್ ಹಚ್ಚಿ, ಎಡಮಗ್ಗಲಾ ಮಲಗಿಸಿ ಸಿಸ್ಟರ್ ಒಬ್ರನ್ನ ಗಾಡಿಯೊಳಗ ಕಳಸಿದ್ರು. ಅಲ್ಲಿ ಹೋದ ಕೂಡಲೆ ಥಿಯೇಟರ್‌ಗೆ ತಗೊಂಡ್ರು. ಹಳೇ ಹೊಲಿಗಿ ತೆಳ್ಳಗಾಗಿ ಬಿಚ್ಚಾಕ ಬಂದಿತ್ತಂತ, ಕೂಸು ಹೊಲಸು ನೀರು ಕುಡದಿತ್ತು. ಗಂಡು ಮಗು. ಆಕಿಗೆ ಒಂದು ಬಾಟ್ಲಿ ರಕ್ತ, ಕೂಸು ಐದು ದಿನ ನವಜಾತ ಶಿಶು ಘಟಕದಾಗ. ಇಬ್ರೂ ಉಳದ್ರು. ಗದಗದ ಆ ರಾತ್ರಿ ಟೀಮಿಗೆ ಎಷ್ಟು ಕೈ ಮುಗದ್ರೂ ಕಡಿಮಿ.

ಉಳದ್ರಲ್ಲ, ಇನ್ನೇನು ಪ್ರಕರಣ ಅಂತ ಕೇಳಬಹುದು. ಪ್ರಕರಣ ಇರೂದು ಇಲ್ಲಿ ನೋಡ್ರಿ: ಆ ರಾತ್ರಿ ತಾಲೂಕು ದವಾಖಾನಿ ಥಿಯೇಟರ್‌ನೊಳಗ ಒಂದು ಒಳ್ಳೇ ಅರಿವಳಿಕೆ ಮಷಿನ್ ಇತ್ತು. ಮಾನಿಟರ್, ವೆಂಟಿಲೇಟರ್ ಎಲ್ಲಾ ಕೂಡೇ ಇರೋ ಮಷಿನ್, ಒಂದು ಕಂಪನಿ ತನ್ನ ಸಿ.ಎಸ್.ಆರ್. ರೊಕ್ಕದಾಗ (ಕಾಯ್ದೆ ಪ್ರಕಾರ ಲಾಭದಾಗ ಸಮಾಜಕ್ಕಂತ ತಗದಿಡೋ ರೊಕ್ಕ) ಕೊಟ್ಟಿದ್ದು, ಬಾಜು ಸ್ಟೀಲ್ ಪಟ್ಟಿ ಮ್ಯಾಲ ಕಂಪನಿ ಹೆಸರು, ತಾರೀಖು ಕೊರದಾರ. ಕೊಟ್ಟ ದಿನ ಹಾರ, ಪೇಟ, ಫೋಟೋ ಎಲ್ಲಾ ಆಗಿತ್ತು, ನಾನೂ ಅಲ್ಲೇ ನಿಂತಿದ್ದೆ, ಖುಷಿನೂ ಆಗಿತ್ತು. ಈ ಘಟನಾ ಆದ ಮ್ಯಾಲ ಮಷಿನ್ನಿನ ಲಾಗ್ ಬುಕ್ ತಗದು ಒಂದೊಂದ ಪುಟ ನೋಡಿದೆ. ಮಂಗಳವಾರ, ಶುಕ್ರವಾರ, ಮಂಗಳವಾರ, ಶುಕ್ರವಾರ. ಬ್ಯಾರೆ ವಾರದ ಎಂಟ್ರಿ ಭಾಳ ಅಪರೂಪ, ರಾತ್ರಿ ಟೈಮಿನ ಎಂಟ್ರಿ ಒಂದೂ ಸಿಗಲಿಲ್ಲ. ಹೆರಿಗಿ ಬ್ಯಾನಿ ವಾರ ನೋಡಿ ಬರಂಗಿಲ್ಲ.

ಈಗ ರೊಕ್ಕದ ದಾರಿ ಹಿಡಿಯೋಣು. ಸ್ವಲ್ಪ ಉದ್ದ ಆಗ್ತೈತಿ, ಆದ್ರ ಪೂರ್ತಿ ಓದ್ರಿ, ಯಾಕಂದ್ರ ಟಿವಿಯೊಳಗ ಬಜೆಟ್ ದಿನ ಬರೋ ದೊಡ್ಡ ದೊಡ್ಡ ಅಂಕಿ ನಮ್ಮ ಊರಿನ ಥಿಯೇಟರ್ ಬಾಗಲಿಗೆ ಹೆಂಗ ಬರ್ತಾವ ಅನ್ನೋದು ಇದರೊಳಗ ಐತಿ.

2019ರ ಸೆಪ್ಟೆಂಬರ್ 20ಕ್ಕ ಕೇಂದ್ರ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವ್ರು ಗೋವಾದಾಗ, ಜಿ.ಎಸ್.ಟಿ. ಕೌನ್ಸಿಲ್ ಸಭಾ ಇದ್ದ ದಿನ, ಕಂಪನಿ ತೆರಿಗಿ ಇಳಸೋ ಸುದ್ದಿ ಹೇಳಿದ್ರು. ಸುಗ್ರೀವಾಜ್ಞೆ ಮೂಲಕ ಆತು. ರಿಯಾಯ್ತಿಗಳನ್ನ ಬಿಟ್ಟುಕೊಡೋ ಕಂಪನಿಗೆ ಮೂಲ ದರ ಶೇ. 30ರಿಂದ 22ಕ್ಕ ಇಳೀತು, ತೆರಿಗಿ ಮ್ಯಾಲ ಬೀಳೋ ಹೆಚ್ಚುವರಿ ತೆರಿಗಿ, ಅಂದ್ರ ಸರ್ಚಾರ್ಜ್, ಸೆಸ್ ಕೂಡಿಸಿದ್ರ ಶೇ. 25.17. ಅದ ವರ್ಷ ಅಕ್ಟೋಬರ್ 1ರ ನಂತರ ಹುಟ್ಟೋ ಹೊಸಾ ಉತ್ಪಾದನಾ ಕಂಪನಿಗೆ ಶೇ. 15, ಎಲ್ಲಾ ಕೂಡಿ 17.16. ಮ್ಯಾಟ್ ಅನ್ನೋ ಕನಿಷ್ಠ ತೆರಿಗಿ 18.5ರಿಂದ 15ಕ್ಕ. ಇದರಿಂದ ವರ್ಷಕ್ಕ 1.45 ಲಕ್ಷ ಕೋಟಿ ರೂಪಾಯಿ ಖಜಾನಿಗೆ ಕಡಿಮಿ ಬರ್ತೈತಿ ಅಂತ ಸರ್ಕಾರನ ಹೇಳಿತು, ಯಾರೋ ವಿರೋಧಿಗಳು ಕಟ್ಟಿದ ಲೆಕ್ಕ ಅಲ್ಲ ಇದು.

ಕಂಪನಿ ತೆರಿಗಿ ದಿಲ್ಲಿ ರೊಕ್ಕ, ನಮಗೇನು ಅಂತ ಅನ್ನಬ್ಯಾಡ್ರಿ. ಸಂವಿಧಾನದ 270ನೇ ವಿಧಿ ಪ್ರಕಾರ ಕಂಪನಿ ತೆರಿಗಿ ರಾಜ್ಯಗಳ ಜೋಡಿ ಹಂಚಿಕೊಳ್ಳೋ ಗಂಟಿನೊಳಗ ಬರ್ತೈತಿ. 14ನೇ ಹಣಕಾಸು ಆಯೋಗ ಆ ಗಂಟಿನ್ಯಾಗ ಶೇ. 42 ರಾಜ್ಯಗಳಿಗೆ ಅಂದಿತ್ತು, ಅದರೊಳಗ ಕರ್ನಾಟಕದ ಪಾಲು ಶೇ. 4.713. ಒರಟು ಲೆಕ್ಕ ಹಾಕ್ರಿ: 1.45 ಲಕ್ಷ ಕೋಟಿಯೊಳಗ 42 ಪರ್ಸೆಂಟ್ ಅಂದ್ರ 60,900 ಕೋಟಿ, ಅದರಾಗ 4.713 ಪರ್ಸೆಂಟ್ ಅಂದ್ರ ಸುಮಾರು 2,870 ಕೋಟಿ. ಸೆಸ್ಸು, ಸರ್ಚಾರ್ಜು ಹಂಚೋ ಗಂಟಿನ್ಯಾಗ ಬರಂಗಿಲ್ಲ ಅಂತ ಸ್ವಲ್ಪ ಹಿಂದ ಮುಂದ ಆಗ್ತೈತಿ, ಆದ್ರ ಅಂದಾಜು ಇಷ್ಟು. ಒಂದ ಒಂದು ತೀರ್ಮಾನ, ನಮ್ಮ ರಾಜ್ಯದ ಪಾಲಿನಿಂದ ವರ್ಷಕ್ಕ ಎರಡು ಸಾವಿರ ಕೋಟಿ ಮ್ಯಾಲ ಹೋಗೋ ಬಾಬತ್ತು, ವಿಧಾನಸೌಧದಾಗ ಒಂದು ತಾಸು ಚರ್ಚಾ ಇಲ್ದ.

ಅದರ ಹಿಂದಿಂದನ ಇನ್ನೊಂದು ಹೊಡ್ತ. 15ನೇ ಹಣಕಾಸು ಆಯೋಗ ಬಂದು ಕರ್ನಾಟಕದ ಪಾಲು 4.713ರಿಂದ 3.647ಕ್ಕ ಇಳೀತು. ಅದನ್ನ ತುಂಬಿಕೊಡಾಕ ಅಂತ ಆಯೋಗ 2020-21ಕ್ಕ 5,495 ಕೋಟಿ ವಿಶೇಷ ಅನುದಾನ ಶಿಫಾರಸು ಮಾಡಿದ್ರ ಕೇಂದ್ರ ಅದನ್ನ ಒಪ್ಪಲಿಲ್ಲ. ಕಂಪನಿ ತೆರಿಗಿ ಒಟ್ಟು ವಸೂಲಿ 2018-19ರಾಗ 6.63 ಲಕ್ಷ ಕೋಟಿ ಇದ್ದಿದ್ದು 2019-20ರಾಗ 5.57 ಲಕ್ಷ ಕೋಟಿ ಆತು, ಆ ವರ್ಷದ ಹೆಚ್ಚು ತಿಂಗಳು ಕೊರೊನಾ ಇರ್ಲೇ ಇಲ್ಲ.

ಇಲ್ಲಿ ಇನ್ನೊಂದು ಮಾತು ಐತಿ, ಇದು ನಮ್ಮ ಆಫೀಸಿನ ಮಂದಿಗೂ ಎಷ್ಟೋ ಸಲ ಲಕ್ಷ್ಯಕ್ಕ ಬರಂಗಿಲ್ಲ. ಕಂಪನಿ ತೆರಿಗಿ ಮ್ಯಾಲ ಶೇ. 4 ‘ಆರೋಗ್ಯ ಮತ್ತು ಶಿಕ್ಷಣ ಸೆಸ್’ ಬೀಳ್ತೈತಿ, 2018ರ ಬಜೆಟ್ಟಿನಿಂದ. ಹೆಸರಿನ್ಯಾಗ ಆರೋಗ್ಯ ಐತಿ, ಆದ್ರ ಇದರಾಗ ರಾಜ್ಯಕ್ಕ ಪಾಲಿಲ್ಲ. ಅದು ತಿರುಗಿ ಬರಬೇಕಂದ್ರ ರಾಷ್ಟ್ರೀಯ ಆರೋಗ್ಯ ಮಿಷನ್‌ದಂಥಾ ಕೇಂದ್ರದ ಯೋಜನಾ ಮೂಲಕ ಬರಬೇಕು, ಅದರೊಳಗ 60 ಅವ್ರು ಹಾಕ್ತಾರ, 40 ನಾವು ಹಾಕಬೇಕು. ಈ 40 ಎಲ್ಲಿಂದ? ಅದ ಹಂಚಿಕಿ ಗಂಟು, ಮತ್ತ ರಾಜ್ಯದ ಸ್ವಂತ ತೆರಿಗಿ. ಗಂಟು ಸಣ್ಣದಾದ್ರ 40 ಹೊಂದಸೋದು ತ್ರಾಸ, 40 ತಡಾ ಆದ್ರ 60ರ ಕಂತೂ ತಡಾ. ಜಿಲ್ಲಾಕ್ಕ ಬರೋ ಹೊತ್ತಿಗೆ ಗುತ್ತಿಗಿ ಡಾಕ್ಟ್ರ ಎರಡು ತಿಂಗಳ ಪಗಾರ ಬಾಕಿ. ಅರಿವಳಿಕೆ ತಜ್ಞರಿಗೆ ಖಾಸಗಿ ದವಾಖಾನಿಗಳು ಕರದು ಕರದು ಕೆಲಸ ಕೊಡ್ತಾವ, ಅಂಥಾವ್ರು ವರ್ಷ ವರ್ಷ ರಿನ್ಯೂವಲ್ ಆಗೋ ಗುತ್ತಿಗಿಗೆ, ಪಗಾರ ಯಾವಾಗ ಬರ್ತೈತೋ ಗೊತ್ತಿಲ್ದ ತಾಲೂಕಿಗೆ ಯಾಕ ಬರ್ತಾರ? ನಮ್ಮ ಹುದ್ದಿಗೆ ಜಾಹೀರಾತು ಕೊಟ್ಟಾಗ ಒಂದು ಅರ್ಜಿನೂ ಬರ್ಲಿಲ್ಲ.

ನೇರವಾಗಿ ಹೇಳಬೇಕಾದದ್ದು ಒಂದೈತಿ. ಆ ಹುದ್ದಿ 2019ಕ್ಕಿಂತ ಮೊದಲೂ ಖಾಲಿ ಇತ್ತು. ತೆರಿಗಿ ಇಳಸಿದ್ದಕ್ಕ ಡಾಕ್ಟ್ರು ಹೋದ್ರು ಅಂತ ನಾ ಅನ್ನಂಗಿಲ್ಲ, ಹಂಗಂದ್ರ ಸುಳ್ಳಾಗ್ತೈತಿ. ನಾ ಅನ್ನೋದು, ಆ ಹುದ್ದಿ ತುಂಬಾಕ ಏನು ಬೇಕಿತ್ತೋ ಆ ರೊಕ್ಕ ಇತ್ತು, ಅದು ಬ್ಯಾರೆ ಕಡಿ ಹೋತು. ಎಷ್ಟು ಬೇಕಿತ್ತು? ಒಂದು ತಾಲೂಕು ದವಾಖಾನಿ 24 ತಾಸು ಸಿಸೇರಿಯನ್ ಮಾಡಬೇಕಂದ್ರ ಹೆರಿಗಿ ತಜ್ಞರು, ಅರಿವಳಿಕೆ ತಜ್ಞರು, ಮಕ್ಕಳ ತಜ್ಞರು ಇಬ್ಬಿಬ್ರು ಬೇಕು, ಒಬ್ರು ರಜಾ ಹೋದ್ರ ಇನ್ನೊಬ್ರು. ತಲಿಗೆ ತಿಂಗಳಿಗೆ ಒಂದೂವರಿ ಲಕ್ಷ ಅಂತ ಹಿಡೀರಿ, ಆರು ಮಂದಿಗೆ ವರ್ಷಕ್ಕ 1 ಕೋಟಿ 8 ಲಕ್ಷ. ರಾಜ್ಯದಾಗ ಸುಮಾರು 240 ತಾಲೂಕು ಅಂದ್ರ ಎಲ್ಲಾ ಕೂಡಿ 260 ಕೋಟಿ. ಈಗ ಇರೋ ಡಾಕ್ಟ್ರ ಪಗಾರ ಕಳೀದನ, ಎಲ್ಲಾರನ್ನೂ ಹೊಸದಾಗಿ ತಗೊಂಡಂಗ ಹಾಕಿದ ಲೆಕ್ಕ ಇದು. 2,870 ಕೋಟಿಯೊಳಗ ಹತ್ತನೇ ಪಾಲೂ ಆಗ್ಲಿಲ್ಲ.

ಈ ಪ್ರಕರಣದಾಗ ಇನ್ನೊಂದು ಎಳಿ ಐತಿ, ಅದು ನನಗ ಭಾಳ ಚುಚ್ಚಿದ್ದು. ಆ ಹೆಣ್ಣುಮಗಳ ಗಂಡ ಕೆಲಸ ಮಾಡೋದು ಕರೆಂಟ್ ಮಾಡೋ ಗಾಳಿ ಫ್ಯಾನಿನ ಕಡಿ ವಾಚ್‌ಮನ್ ಅಂತ. ಕಂಪನಿ ನೌಕರ ಅಲ್ಲ, ಏಜೆನ್ಸಿ ಮೂಲಕ, ದಿನಗೂಲಿ 450. ಕಾರ್ಮಿಕರ ಆರೋಗ್ಯ ವಿಮೆಯ ಇ.ಎಸ್.ಐ. ಕಾರ್ಡಿನ ಮಾತು ತಗದ್ರ, ಹಂಗಂದ್ರ ಏನ್ರಿ ಅಂತ ಅಂವ ನನಗ ಕೇಳಿದ. ಗದಗ ಜಿಲ್ಲಾದಾಗ ಗುಡ್ಡದ ಸಾಲಿನ ಮ್ಯಾಲ ಎಷ್ಟು ಫ್ಯಾನು ತಿರಗ್ತಾವ ಅನ್ನೋದು ಮುಂಡರಗಿ, ಶಿರಹಟ್ಟಿ, ಗಜೇಂದ್ರಗಡ ರೋಡಿಗೆ ಹೋದಾವ್ರಿಗೆ ಗೊತ್ತು. ಈ ಫ್ಯಾನುಗಳು ಬಂದಿದ್ದರಾಗ ಗಾಳಿ ಎಷ್ಟು ಕಾರಣನೋ ಆದಾಯ ತೆರಿಗಿ ಕಾಯ್ದೆನೂ ಅಷ್ಟ ಕಾರಣ. 2012ರ ಮಾರ್ಚ್‌ವರೆಗೆ, ಆಮ್ಯಾಲ ಮತ್ತ 2014ರಿಂದ 2017ರವರೆಗೆ ಗಾಳಿಯಂತ್ರದ ಮ್ಯಾಲ ಶೇ. 80 ಸವಕಳಿ (ಯಂತ್ರ ಸವೀತೈತಿ ಅಂತ ವರ್ಷಾ ಲಾಭದಾಗ ಕಳಿಯೋ ಮೊತ್ತ) ಬಿಡ್ತಿದ್ರು. ಅಂದ್ರ ಬ್ಯಾರೆ ಧಂದೆಯೊಳಗ ಲಾಭ ಇರೋ ಕಂಪನಿ 10 ಕೋಟಿ ಹಾಕಿ ಫ್ಯಾನು ನಿಲ್ಲಿಸಿ ಸೆಪ್ಟೆಂಬರ್ ಮುಗಿಯೂದ್ರೊಳಗ ಚಾಲೂ ಮಾಡಿದ್ರ ಅದ ವರ್ಷ 8 ಕೋಟಿ ಲಾಭದಾಗ ಕಳಕೋಬಹುದು, 30 ಪರ್ಸೆಂಟ್ ದರಕ್ಕ 2.4 ಕೋಟಿ ತೆರಿಗಿ ಆ ವರ್ಷ ಉಳೀತು. ಇದು ಮಾಫಿ ಅಲ್ಲ, ಮುಂದಕ್ಕ ಹಾಕೋದು ಅಂತ ಸಿ.ಎ.ಗಳು ಹೇಳ್ತಾರ, ಖರೆ. ಆದ್ರ 80-ಐಎ ಅನ್ನೋ ಕಲಂ ಪ್ರಕಾರ 2017ರ ಮಾರ್ಚ್ ಒಳಗ ಕರೆಂಟ್ ಉತ್ಪಾದನಾ ಚಾಲೂ ಮಾಡಿದವ್ರಿಗೆ ಮೊದಲ 15 ವರ್ಷದೊಳಗ ಯಾವದಾರ ಸಾಲಾಗಿ 10 ವರ್ಷ ಆ ಲಾಭದ ಮ್ಯಾಲ ತೆರಿಗಿನ ಇಲ್ಲ, ಮ್ಯಾಟ್ ಅಷ್ಟು ಕಟ್ಟಿದ್ರ ಆತು. 2016-17ರಾಗ ನಿಂತ ಫ್ಯಾನಿಗೆ ಈ ಸವಲತ್ತು 2030ರ ತನಕಾನೂ ಎಳೀಬಹುದು.

ಗಾಳಿ ಕರೆಂಟ್ ಬೇಕು, ನಾ ಅದಕ್ಕ ವಿರೋಧಿ ಅಲ್ಲ, ಕಲ್ಲಿದ್ದಲು ಸುಡೂಕ್ಕಿಂತ ನೂರು ಪಾಲು ಛಲೋ. ನಾ ಕೇಳೋದು ಇಷ್ಟ: ಆ ಸವಲತ್ತಿನೊಳಗ ನಮ್ಮ ಗುಡ್ಡ ಐತಿ, ನಮ್ಮ ಗಾಳಿ ಐತಿ, ಕಾಯೋ ವಾಚ್‌ಮನ್ ನಮ್ಮಾಂವ, ಆದ್ರ ಅಂವನ ಹೆಂಡತಿಗೆ ರಾತ್ರಿ ಬೆನ್ನಿಗೆ ಒಂದು ಇಂಜೆಕ್ಷನ್ ಕೊಡಾಕ ಡಾಕ್ಟ್ರು ಇಲ್ಲ. ಬಿಟ್ಟುಕೊಟ್ಟ ತೆರಿಗಿ ಯಾರಿಗೆ ಏನು ಕೊಟ್ಟಿತು ಅಂತ ಕೇಳೋ ಹಕ್ಕು ಅಂವಂಗಿಲ್ಲೇನು?

ಇದಕ್ಕ ಸಿದ್ಧ ಉತ್ತರ ಒಂದು ಐತಿ, ಸಿ.ಎಸ್.ಆರ್. ಐತಲ್ಲ ಅಂತ. ಹೌದು, ಐತಿ. 2013ರ ಕಂಪನಿ ಕಾಯ್ದೆ 135ನೇ ಕಲಂ, 2014ರ ಏಪ್ರಿಲ್‌ನಿಂದ ಜಾರಿ. 500 ಕೋಟಿ ನಿವ್ವಳ ಮೌಲ್ಯ, ಇಲ್ಲಾ 1,000 ಕೋಟಿ ವಹಿವಾಟು, ಇಲ್ಲಾ 5 ಕೋಟಿ ನಿವ್ವಳ ಲಾಭ, ಈ ಮೂರರಾಗ ಒಂದಾರ ಇದ್ರ ಮೂರು ವರ್ಷದ ಸರಾಸರಿ ಲಾಭದಾಗ ಶೇ. 2 ಸಮಾಜಕ್ಕ ಖರ್ಚು ಮಾಡಬೇಕು. ಈಗ ತೂಗಿ ನೋಡ್ರಿ. 100 ಕೋಟಿ ಲಾಭದ ದೊಡ್ಡ ಕಂಪನಿಗೆ ಹಳೇ ದರ ಎಲ್ಲಾ ಕೂಡಿ ಶೇ. 34.94, ಹೊಸಾ ದರ 25.17. ವ್ಯತ್ಯಾಸ 9 ಕೋಟಿ 77 ಲಕ್ಷ. ಅದ ಕಂಪನಿ ಸಿ.ಎಸ್.ಆರ್. 2 ಕೋಟಿ. ಮೊದಲು ರಿಯಾಯ್ತಿ ತಗೊಂಡು ಎಷ್ಟೋ ಕಂಪನಿ ಪೂರ್ತಿ 34.94 ಕಟ್ತಿರ್ಲಿಲ್ಲ ಅನ್ನೋದೂ ಖರೆ, ಹಂಗಾಗಿ ಕೆಲವು ಕಂಪನಿಗೆ ಈ ವ್ಯತ್ಯಾಸ ಕಡಿಮಿ. ಅರ್ಧ ಹಿಡದ್ರೂ ಸಿ.ಎಸ್.ಆರ್.ಗಿಂತ ಎರಡು ಪಟ್ಟು ಮ್ಯಾಲ ಆತು. ಆ 9.77 ಕೋಟಿ ತೆರಿಗಿಯಾಗಿ ಹೋಗಿದ್ರ ಅದರ ದೊಡ್ಡ ಪಾಲು ಹಂಚೋ ಗಂಟಿಗೆ ಸೇರ್ತಿತ್ತು, ಯಾವ ತಾಲೂಕಿಗೆ ಏನು ಬೇಕು ಅಂತ ಸದನದಾಗ ಚರ್ಚಾ ಮಾಡಿ ಹಂಚಬಹುದಿತ್ತು. 2 ಕೋಟಿ ಎಲ್ಲಿ ಹೋಗಬೇಕು ಅನ್ನೋದು ಕಂಪನಿ ಬೋರ್ಡು ತೀರ್ಮಾನ ಮಾಡ್ತೈತಿ. ಸ್ಥಳೀಯ ಪ್ರದೇಶಕ್ಕ ಆದ್ಯತಿ ಕೊಡ್ರಿ ಅಂತ ಕಾಯ್ದೆ ಹೇಳ್ತೈತಿ ಖರೆ, ಆದ್ರ ಕಾರ್ಖಾನಿ ಬೆಳಗಾವಿ ರೋಡಿಗೆ, ಧಾರವಾಡ ಬೇಲೂರಿನ ಕಡಿ ಇದ್ರ ಅವ್ರಿಗೆ ಸ್ಥಳೀಯ ಅಂದ್ರ ಧಾರವಾಡನ, ಶಿರಹಟ್ಟಿ ಅಲ್ಲ. ಗಾಳಿ ಫ್ಯಾನುಗಳನ್ನ ಸಣ್ಣ ಸಣ್ಣ ಬ್ಯಾರೆ ಕಂಪನಿ ಮಾಡಿ ಇಟ್ಟಿದ್ರ ಒಂದೊಂದರ ಲಾಭ 5 ಕೋಟಿ ದಾಟಂಗಿಲ್ಲ, ದಾಟದಿದ್ರ ಸಿ.ಎಸ್.ಆರ್.ನೂ ಇಲ್ಲ.

ಘಟನಾ ಆದ ಮ್ಯಾಲ ಸಮಿತಿ ಸಭಾ ಕರದ್ವಿ. ಮಷಿನ್ ಕೊಟ್ಟ ಕಂಪನಿಯ ಸಿ.ಎಸ್.ಆರ್. ನೋಡೋ ಮೇಡಂ ಬೆಂಗಳೂರಿನಿಂದ ಫೋನಿನ್ಯಾಗ ಸೇರಿದ್ರು, ಒಳ್ಳೇ ಮನುಷ್ಯಾರು, ನಮ್ಮ ಮಾತು ಪೂರ್ತಿ ಕೇಳಿದ್ರು. ನಾ ಅಂದೆ, “ಮೇಡಂ, ಮಷಿನ್ ಐತ್ರಿ, ಮಷಿನ್ ನಡಸೋ ಡಾಕ್ಟ್ರ ಪಗಾರ ಮೂರು ವರ್ಷ ಕೊಡ್ರಿ, ಅಷ್ಟರಾಗ ನಾವು ಸರ್ಕಾರದ್ದು ಬೆನ್ನು ಹತ್ತತೀವಿ.” ಅವ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸರ್, ನಿಮ್ಮ ಕಷ್ಟ ಅರ್ಥ ಆಗತ್ತೆ, ಆದ್ರೆ ಸ್ಯಾಲರಿ ನಮ್ಮ ಪಾಲಿಸೀಲಿ ಬರಲ್ಲ. ಇನ್ನೊಂದು ಎಕ್ವಿಪ್‌ಮೆಂಟ್ ಬೇಕಿದ್ರೆ ಲೆಟರ್ ಕೊಡಿ, ಈ ವರ್ಷದ ಬಜೆಟ್‌ನಲ್ಲೇ ನೋಡ್ತೀನಿ” ಅಂದ್ರು. ಕಾಯ್ದೆಯೊಳಗ ಅಡ್ಡಿ ಇಲ್ಲ, ಮೂರು ವರ್ಷದ ತನಕ ನಡಿಯೋ ಯೋಜನಾ ಮಾಡಬಹುದು, ಆ ಯೋಜನಾ ಒಳಗ ಕೆಲಸಗಾರರ ಪಗಾರನೂ ಕೊಡಬಹುದು. ಆದ್ರ ಕಂಪನಿಗಳಿಗೆ ಹೆಸರು ಕೊರಸೋ ಜಾಗಾ ಬೇಕು. ಪಗಾರದ ಮ್ಯಾಲ ಸ್ಟೀಲ್ ಪಟ್ಟಿ ಹಚ್ಚಾಕ ಬರಂಗಿಲ್ಲ. ಮೂರು ವರ್ಷ ಕೊಟ್ರೂ ನಾಲ್ಕನೇ ವರ್ಷ? ಬಸರಿ ಹೆಣ್ಣುಮಕ್ಕಳು ಪ್ರತಿ ವರ್ಷ ಬರ್ತಾರ, ಪ್ರತಿ ವರ್ಷ ಬರೋ ರೊಕ್ಕ ಅಂದ್ರ ತೆರಿಗಿ ಒಂದ. ಅಷ್ಟ ಅಲ್ಲ, ಕೊಟ್ಟ ಮಷಿನ್ ದವಾಖಾನಿ ಆಸ್ತಿ ಆಗ್ತೈತಿ, ವಾರಂಟಿ ಮುಗದ ಮ್ಯಾಲ ವಾರ್ಷಿಕ ನಿರ್ವಹಣೆ ಖರ್ಚು ದವಾಖಾನಿ ತಲಿ ಮ್ಯಾಲ. ಅದೂ ತೆರಿಗಿ ರೊಕ್ಕನ.

ನಮ್ಮ ಆಫೀಸಿನ ಹಿರೇ ಸಿ.ಎ. ಸರ್ ಜೋಡಿ ಇದರ ಬಗ್ಗೆ ಬಾಯಿ ಬಾಯಿ ಆಗೈತಿ. ಅವ್ರ ವಾದ ತೂಕದ್ದು, ಅದನ್ನೂ ಬರೀತೀನಿ. 2019ರಾಗ ಆರ್ಥಿಕತಿ ಬಿದ್ದಿತ್ತು, ಬ್ಯಾರೆ ದೇಶದ ಜೋಡಿ ದರ ಹೊಂದಿಸಿದ್ರ ಕಾರ್ಖಾನಿ ಬರ್ತಾವ, ನೌಕರಿ ಆಗ್ತಾವ, ಕಂಪನಿ ತೆರಿಗಿ ವಸೂಲಿ 2021-22ರಾಗ 7.12 ಲಕ್ಷ ಕೋಟಿ, 2023-24ರಾಗ 9.11 ಲಕ್ಷ ಕೋಟಿ ಆಗೈತಲ್ಲೋ ಅಂತಾರ. ಆಗೈತ್ರಿ. ಆದ್ರ ಅದರ ಬಾಜು ಇನ್ನೊಂದು ಅಂಕಿ ಇಡ್ರಿ. 2018-19ರಾಗ ಕಂಪನಿಗಳು 6.63 ಲಕ್ಷ ಕೋಟಿ ಕಟ್ಟಿದ್ರ ವ್ಯಕ್ತಿಗಳ ಆದಾಯ ತೆರಿಗಿ ಸುಮಾರು 4.7 ಲಕ್ಷ ಕೋಟಿ. 2023-24ಕ್ಕ ಬಂದ್ರ ಕಂಪನಿಗಳದ್ದು 9.11, ವ್ಯಕ್ತಿಗಳದ್ದು 10.4 ಲಕ್ಷ ಕೋಟಿ ಮ್ಯಾಲ. ಅಂದ್ರ ಮಾಸ್ತರ್ರು, ಬ್ಯಾಂಕಿನವ್ರು, ಸಣ್ಣ ಅಂಗಡಿಯವ್ರು ಕಂಪನಿಗಳಿಗಿಂತ ಹೆಚ್ಚು ಕಟ್ಟಾಕತ್ತಾರ. ಹೊರಿ ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ದಾಟೇತಿ. ಹೊಸಾ ಕಾರ್ಖಾನಿಗೆ 15 ಪರ್ಸೆಂಟ್ ಕೊಟ್ಟಿದ್ದು ನನಗೂ ಒಪ್ಪಿಗಿ, ಅಲ್ಲಿ ಹೊಸಾ ನೌಕರಿ ಹುಟ್ತೈತಿ. ಮೊದಲಿನಿಂದ ಲಾಭ ಮಾಡ್ತಿದ್ದ ಹಳೇ ಕಂಪನಿಗೆ, ಹಳೇ ರಿಯಾಯ್ತಿ ಬಿಡಬೇಕು ಅನ್ನೋದೊಂದು ಬಿಟ್ರ ಬ್ಯಾರೆ ಯಾವ ಷರತ್ತೂ ಇಲ್ದ 8 ಪರ್ಸೆಂಟ್ ಬಿಟ್ಟಿದ್ದಕ್ಕ ನನ್ನ ತಕರಾರು. ನೌಕರಿ ಇಷ್ಟು ಕೊಡಬೇಕು, ಇಷ್ಟು ಹೂಡಬೇಕು ಅಂತ ಒಂದು ಗೆರಿನೂ ಆ ಕಲಂನೊಳಗ ಇಲ್ಲ. ಸರ್ ಇದನ್ನ ಒಪ್ಪಿಲ್ಲ, ಇರ್ಲಿ.

ತಪ್ಪೆಲ್ಲಾ ದಿಲ್ಲಿದು ಅಂತ ಬರದು ಕೈ ತೊಳಕೊಂಡ್ರ ಅದೂ ಅನ್ಯಾಯ. ರಾಜ್ಯ ಬಜೆಟ್ಟಿನ್ಯಾಗ ಶೇ. 8 ಆರೋಗ್ಯಕ್ಕ ಇಡ್ರಿ ಅಂತ 2017ರ ರಾಷ್ಟ್ರೀಯ ಆರೋಗ್ಯ ನೀತಿ ಹೇಳಿತು, 15ನೇ ಹಣಕಾಸು ಆಯೋಗನೂ ಹೇಳಿತು. ಬೆಂಗಳೂರು ಅದನ್ನ ಮುಟ್ಟಿಲ್ಲ, ಯಾವ ಪಕ್ಷ ಬಂದ್ರೂ ಮುಟ್ಟಿಲ್ಲ. ಇದರ ಫಲ ಅಂಕಿಯೊಳಗ ಐತಿ. 2018-20ರ ಮಾದರಿ ನೋಂದಣಿ ವರದಿ ಪ್ರಕಾರ ಒಂದು ಲಕ್ಷ ಜೀವಂತ ಹೆರಿಗಿಗೆ ತಾಯಂದಿರ ಸಾವು ಕೇರಳದಾಗ 19, ತೆಲಂಗಾಣ 43, ಆಂಧ್ರ 45, ತಮಿಳುನಾಡು 54, ನಮ್ಮಲ್ಲಿ 69. ದೇಶದ ಸರಾಸರಿ ಆಗ 97 ಇತ್ತು ಅಂತ ಸಮಾಧಾನ ಮಾಡ್ಕೋಬಹುದು, ಆದ್ರ ದಕ್ಷಿಣದ ಐದು ರಾಜ್ಯದಾಗ ನಾವ ಕಡೀಕ. ಅದೂ ಹೆರಿಗಿ ದವಾಖಾನಿಯೊಳಗ ಆಗವಲ್ದು ಅಂತಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ್ಯಾಗ ಕರ್ನಾಟಕದಾಗ ಶೇ. 97 ಹೆರಿಗಿ ದವಾಖಾನಿಯೊಳಗನ ಆಗ್ಯಾವ. ಮಂದಿ ಬಂದಾರ, ನಾವು ಕರದ ಕಡಿ ಬಂದಾರ, ಬಂದ ಮ್ಯಾಲ ಥಿಯೇಟರ್‌ನ್ಯಾಗ ಡಾಕ್ಟ್ರು ಇರಬೇಕಾದ್ದು ನಮ್ಮ ಪಾಳಿ. ತಮಿಳುನಾಡಿನವ್ರು 24 ತಾಸಿನ ತುರ್ತು ಹೆರಿಗಿ ಕೇಂದ್ರ ಅಂತ ಗುರುತು ಮಾಡಿ ಅಲ್ಲಿ ತಜ್ಞರನ್ನ ಕೂಡಿಸಿದ್ರು, ಬಡ ಬಸರಿ ಹೆಣ್ಣುಮಕ್ಕಳಿಗೆ ಮುತ್ತುಲಕ್ಷ್ಮಿ ರೆಡ್ಡಿ ಅವ್ರ ಹೆಸರಿನ ಯೋಜನಾ ಒಳಗ 18,000 ರೂಪಾಯಿ ನೆರವು ಕೊಡ್ತಾರ.

ನಮ್ಮ ಈ ಹೆಣ್ಣುಮಗಳಿಗೆ ಏನು ಸಿಕ್ತು? ಜನನಿ ಸುರಕ್ಷಾ ಯೋಜನಾದಾಗ 700 ರೂಪಾಯಿ. 2013ರ ಆಹಾರ ಭದ್ರತಾ ಕಾಯ್ದೆ ಪ್ರತಿಯೊಬ್ಬ ಬಸರಿ ಹೆಣ್ಣುಮಗಳಿಗೂ 6,000ಕ್ಕಿಂತ ಕಡಿಮಿ ಇಲ್ದಂಗ ಕೊಡಬೇಕು ಅಂತ ಬರದೈತಿ. ಅದನ್ನ ಜಾರಿ ಮಾಡಾಕ ಬಂದ ಮಾತೃ ವಂದನಾ ಯೋಜನಾ ಮೊದಲ ಮಗುವಿಗೆ 5,000 ಅಂತ ಆತು, ಎರಡನೇದು ಹೆಣ್ಣಾದ್ರ 6,000. ಆಕಿಗೆ ಎರಡನೇದು ಗಂಡು, ಹಂಗಾಗಿ ಸೊನ್ನಿ. ಗಂಡು ಹಡದ ತಾಯಿ ಹೊಟ್ಟಿ ಕೊಯ್ದ ಮ್ಯಾಲ ಊಟ ಮಾಡಬೇಕೋ ಬ್ಯಾಡೋ? ಹೆಣ್ಣು ಕೂಸನ್ನ ಪ್ರೋತ್ಸಾಹ ಮಾಡ್ರಿ, ಬೇಕು, ಆದ್ರ ತಾಯಿ ಹಕ್ಕು ಕೂಸಿನ ಮ್ಯಾಲ ನಿಲ್ಲಬಾರ್ದು.

2011ರ ಜೂನ್ 1ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಐತಿ, ಆಪರೇಷನ್, ಔಷಧ, ರಕ್ತ, ತಾಯಿ ಊಟ, ಗಾಡಿ ಎಲ್ಲಾ ಪುಕ್ಕಟೆ, ಮತ್ತ ಗದಗದಾಗ ಆಕಿಗೆ ಅದೆಲ್ಲಾ ಪುಕ್ಕಟೆನ ಸಿಕ್ತು, ವಾಪಸ್ ಬರೂವಾಗ ನಗು-ಮಗು ಗಾಡಿ ಮನಿ ಬಾಗಲ ತನಕ ಬಿಟ್ಟು ಹೋತು. ಹಂಗಿದ್ರೂ ಗಂಡನ ಡೈರಿ ನೋಡ್ರಿ: ರಾತ್ರಿ ಅತ್ತಿ, ತವರಿನವ್ರು ಗದಗಕ್ಕ ಹೋಗಾಕ ಕ್ರೂಸರ್ 2,200. ಜೋಡಿ ಇದ್ದಾವ್ರ ಊಟ, ಚಾ, ಬ್ರೆಡ್ಡು 2,600. ಕೂಸಿನ ಬಟ್ಟಿ, ಡೈಪರ್ 1,150. ರಕ್ತ ಕೊಡಾಕ ಊರಿಂದ ಬಂದ ಹುಡುಗನ ಬಸ್ ಚಾರ್ಜು, ಊಟ 400. ಕೆಲಸ ತಪ್ಪಿದ ಎಂಟು ದಿನದ ಪಗಾರ 3,600. ಒಟ್ಟು 9,950. ಅತ್ತಿ ಸ್ತ್ರೀಶಕ್ತಿ ಸಂಘದಾಗ 10,000 ಸಾಲಾ ತಗದಾರ, ತಿಂಗಳಿಗೆ ಎರಡು ರೂಪಾಯಿ ಬಡ್ಡಿ. ಇದೇ ಆಪರೇಷನ್ ಊರಾಗ ಆಗಿದ್ರ ಕ್ರೂಸರ್ ಇಲ್ಲ, ಹೋಟೆಲ್ ಇಲ್ಲ, ಗಂಡ ದಿನಾ ರಾತ್ರಿ ಡ್ಯೂಟಿ ಮುಗಿಸಿ ಬೆಳಿಗ್ಗಿ ಬಂದು ನೋಡ್ಕೊಂಡು ಹೋಗಬಹುದಿತ್ತು. ಸರ್ಕಾರದ ಪುಸ್ತಕದಾಗ ಈ 9,950 ಎಲ್ಲೂ ಇಲ್ಲ. ದೂರದ ಖರ್ಚು ಬಡವ್ರ ಮನಿಯೊಳಗ ಸಾಲದ ರೂಪದಾಗ ಇರ್ತೈತಿ.

ಸಮಿತಿ ಏನು ಮಾಡಿತು ಅಂದ್ರ, ನಮ್ಮ ಕೈಯಾಗಿರೋ ಅನ್‌ಟೈಡ್ ಫಂಡು, ಅಂದ್ರ ಇಂಥಾದ್ದಕ್ಕ ಅಷ್ಟ ಅಂತ ಕಟ್ಟಿ ಹಾಕದ ಸ್ವಲ್ಪ ರೊಕ್ಕ ಐತಿ, ಅದನ್ನ ಸುಣ್ಣ ಬಣ್ಣ, ನಲ್ಲಿ ರಿಪೇರಿ, ಫಿನಾಯಿಲ್‌ಗೆ ಖರ್ಚು ಮಾಡ್ತಿದ್ವಿ. ಈ ವರ್ಷ ಬಣ್ಣ ಬಿಟ್ವಿ. ಗದಗದ ಇಬ್ರು ಅರಿವಳಿಕೆ ಡಾಕ್ಟ್ರ ಜೋಡಿ ಮಾತಾಡಿ, ಪಾಳಿ ಮ್ಯಾಲ ವಾರದ ಏಳೂ ರಾತ್ರಿ ಒಬ್ರು ಊರಾಗ ಉಳೀಬೇಕು, ಕೇಸ್ ಬರ್ಲಿ ಬಿಡ್ಲಿ ರಾತ್ರಿಗೆ ಇಷ್ಟು ಅಂತ ಠರಾವು ಮಾಡಿದ್ವಿ. ಉಳ್ಯಾಕ ಕ್ವಾರ್ಟರ್ಸ್‌ನ್ಯಾಗ ಒಂದು ಖೋಲಿ ಸ್ವಚ್ಛ ಮಾಡಿಸಿ ಗೀಸರ್ ಹಚ್ಚಿಸಿದ್ವಿ. ನಮ್ಮ ಎಂ.ಬಿ.ಬಿ.ಎಸ್. ಡಾಕ್ಟ್ರು ಒಬ್ರನ್ನ 18 ವಾರದ ಜೀವರಕ್ಷಕ ಅರಿವಳಿಕೆ ತರಬೇತಿಗೆ ಕಳಸ್ರಿ ಅಂತ ಮ್ಯಾಲಿನವ್ರಿಗೆ ಬರದೀವಿ, ಅವ್ರು ಹೋಗಾಕ ತಯಾರ ಅದಾರ, ಆದ್ರ ಅವ್ರು ಹೋದ್ರ ಆ 18 ವಾರ ಓ.ಪಿ.ಡಿ. ಯಾರು ನೋಡಬೇಕು ಅನ್ನೋದಕ್ಕ ಇನ್ನೂ ಆರ್ಡರ್ ಬಂದಿಲ್ಲ. ಲಾಗ್ ಬುಕ್ಕಿನ್ಯಾಗ ಈಗ ಬುಧವಾರನೂ ಐತಿ, ಭಾನುವಾರನೂ ಐತಿ, ರಾತ್ರಿ ಎರಡು ಗಂಟೆದ ಎಂಟ್ರಿನೂ ಐತಿ.

ಆದ್ರ ಈ ಫಂಡು ಮಾರ್ಚ್ ತನಕ ಅಷ್ಟ ಸಾಲ್ತೈತಿ. ಪ್ರತಿ ವರ್ಷ ಕೇಂದ್ರ ಬಜೆಟ್ ಜೋಡಿ ತೆರಿಗಿ ರಿಯಾಯ್ತಿಯಿಂದ ಎಷ್ಟು ಆದಾಯ ಕಡಿಮಿ ಆತು ಅನ್ನೋ ಒಂದು ಪಟ್ಟಿ ಬರ್ತೈತಿ, ಅದರೊಳಗ ಯಾವ ರಾಜ್ಯದ ಪಾಲಿಂದ ಎಷ್ಟು ಹೋತು ಅನ್ನೋ ಇನ್ನೊಂದು ಕಾಲಂ ಹಾಕ್ರಿ ಅಂತ ನಮ್ಮ ಸಂಸದರಿಗೆ ಸಮಿತಿ ಪರವಾಗಿ ಪತ್ರ ತಯಾರ ಮಾಡೀನಿ. ಶಾಸಕರಿಗೆ ಬರದ ಪತ್ರದಾಗ ಕೇಳಿದ್ದು ಒಂದ: ತಾಲೂಕಿಗೆ ಆರು ತಜ್ಞರ ಕಾಯಂ ಹುದ್ದಿ, ಪಗಾರಕ್ಕ ಬಜೆಟ್ಟಿನ್ಯಾಗ ಬ್ಯಾರೆ ಲೆಕ್ಕ ಶೀರ್ಷಿಕಿ, ಅದನ್ನ ಬ್ಯಾರೆದಕ್ಕ ತಿರಗಸಬಾರ್ದು. ಮುಂದಿನ ಸಮಿತಿ ಸಭಾ ಮಾರ್ಚ್ ಎರಡನೇ ವಾರ ಇಟ್ಟೀವಿ, ಅಜೆಂಡಾದ ಮೊದಲನೇ ವಿಷಯ ಏಪ್ರಿಲ್ 1ರಿಂದ ರಾತ್ರಿ ಉಳಿಯೋ ಡಾಕ್ಟ್ರಿಗೆ ರೊಕ್ಕ ಎಲ್ಲಿಂದ ಅನ್ನೋದು.